ಹಳೆ ಸ್ವಿಫ್ಟ್‌ನ ಲೋವರ್ ಆರ್ಮ್ ಮನ್ಯಾಗ ಬದಲಿಸೂದು ಹ್ಯಾಂಗ

ಕಬ್ಬಿನ ಹಂಗಾಮು ಮುಗಿಯೂದ್ರಾಗ ನಮ್ಮ ಜಮಖಂಡಿ–ಮುಧೋಳ ಕಡೆ ರಸ್ತಾಗಳು ಟ್ರ್ಯಾಕ್ಟರ್ ಭಾರಕ್ಕ ತಗ್ಗು ಬಿದ್ದಿರತಾವ. ಕೆಳಗಿನ ಎರಿ ಭೂಮಿ ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಿರೀತೈತಿ, ಡಾಂಬರು ಸಪಾಟ ನಿಲ್ಲೂದಿಲ್ಲ. ಈ ಹಾದ್ಯಾಗ ಓಡೂ ಹಳೆ ಕಾರಿನ ಮುಂದಿನ ಲೋವರ್ ಆರ್ಮ್ (ಗಾಲೀನ ಫ್ರೇಮಿಗೆ ಕೂಡಿಸೂ ಕೆಳಗಿನ ತೋಳು) ದಿನಾ ಪೆಟ್ಟು ತಿಂತೈತಿ. ನಂದು 2007ರ ಸ್ವಿಫ್ಟ್. ಎರಡೂ ಆರ್ಮ್ ಮನಿ ಮುಂದ ನಾನ ಬದಲಿಸೀನಿ.

ಮೊದಲು ಖಾತ್ರಿ ಮಾಡಕೋರಿ. ಹಂಪ್ ದಾಟುವಾಗ ‘ಟಕ್’ ಅಂದ್ರ, ಬ್ರೇಕ್ ಹಾಕಿದಾಗ ಗಾಡಿ ಒಂದ ಕಡೆ ಎಳದ್ರ, ಟಾಯರಿನ ಒಳ ಅಂಚು ಸವದ್ರ ಬುಶ್ (ಆರ್ಮ್ ಫ್ರೇಮಿಗೆ ಕೂಡೂ ಕಡೆ ಇರೂ ರಬ್ಬರ್ ಬಳಿ) ಮ್ಯಾಲ ಸಂಶೆ ಇಡರಿ. ಗಾಡಿ ಎತ್ತಿ, ಆರ್ಮಿಗೂ ಫ್ರೇಮಿಗೂ ನಡುವ ಸಣ್ಣ ಹಾರಿ ಇಟ್ಟು ಮೀಟಿ ನೋಡರಿ. ರಬ್ಬರ್ ಸೀಳಿದ್ರ ಕಣ್ಣಿಗೇ ಕಾಣತೈತಿ. ಆಮ್ಯಾಲ ಗಾಲೀನ ಮ್ಯಾಲೊಂದು ಕೈ, ಕೆಳಗೊಂದು ಕೈ ಹಿಡದು ಅಳ್ಳಾಡಿಸರಿ. ಬಾಲ್ ಜಾಯಿಂಟ್ (ಆರ್ಮಿನ ಗಾಲಿ ಕಡೆ ತುದಿಗಿರೂ ಗುಂಡು ಕೀಲು) ಸಡಿಲಾಗಿದ್ರ ಗೊತ್ತಾಗತೈತಿ. ಸ್ಟೆಬಿಲೈಜರ್ ಲಿಂಕ್ (ಗಾಡಿ ವಾಲದಂಗ ತಡಿಯೂ ಸರಳಿಗೆ ಕೂಡೂ ಸಣ್ಣ ಕಡ್ಡಿ) ಸವದ್ರೂ ಇಂಥದ ಸಪ್ಪಳ ಬರತೈತಿ, ಅದು ಭಾಳ ಸೋವಿ ಸಾಮಾನು. ಅದನ್ನ ನೋಡದ ಆರ್ಮ್ ತರಬ್ಯಾಡ್ರಿ.

ಬುಶ್ ಅಷ್ಟ ಬದಲಿಸಾಕ ಹೈಡ್ರಾಲಿಕ್ ಪ್ರೆಸ್ ಬೇಕು. ಪೂರ್ತಿ ಆರ್ಮ್ ತಗೊಂಡ್ರ ಬುಶ್, ಬಾಲ್ ಜಾಯಿಂಟ್ ಎರಡೂ ಹೊಸಾವು ಸಿಗತಾವ. ಎರಡೂ ಬಾಜೂದ್ದು ಕೂಡೇ ಹಾಕರಿ, ವಯಸ್ಸು ಎರಡಕ್ಕೂ ಒಂದ.

ಹಿಂದಿನ ದಿನ ಸಂಜೀಗೇ ಬೋಲ್ಟುಗಳಿಗೆ ಜಂಗು ಬಿಡಿಸೂ ಎಣ್ಣಿ ಹೊಡೀರಿ. ಎರಿ ಮಣ್ಣಿನ ಅಂಗಳದಾಗ ಜಾಕ್ ಕುಸೀತೈತಿ; ಫರ್ಸಿ ಮ್ಯಾಲಾದ್ರೂ ದಪ್ಪ ಹಲಗಿ ಹಾಕಿ ಹಚ್ಚರಿ. ಗಾಲಿ ನೆಲಕ್ಕಿದ್ದಾಗ ಅದರ ನಟ್ ಸಡಿಲ ಮಾಡಕೊಂಡು, ಹ್ಯಾಂಡ್ ಬ್ರೇಕ್ ಎಳದು, ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಎತ್ತರಿ. ಎತ್ತಿದ ಗಾಡಿ ಭಾರ ಹೊರೂ ಜಾಕ್ ಸ್ಟ್ಯಾಂಡ್ ಇಲ್ಲದ ಈ ಕೆಲಸಕ್ಕ ಕೈ ಹಾಕಲೇಬ್ಯಾಡ್ರಿ. ಜಾಕ್ ಜಾರಿದ್ರ ಜೀವಾ ಹೋಗತೈತಿ.

ಗಾಲಿ ತಗದ ಮ್ಯಾಲ ಬಾಲ್ ಜಾಯಿಂಟ್ ಹಿಡದ ಅಡ್ಡ ಬೋಲ್ಟ್ ಪೂರ್ತಿ ಹೊರಗ ತಗೀರಿ. ಜಾಯಿಂಟಿನ ಕಡ್ಡೀಗೆ ಒಂದು ತೋಡು ಇರತೈತಿ, ಬೋಲ್ಟ್ ಅದರಾಗ ಕೂತಿರತೈತಿ. ಬರೇ ಸಡಿಲ ಮಾಡಿದ್ರ ಬರೂದಿಲ್ಲ. ಆ ಕಡ್ಡಿ ಹಿಡದಿರೂ ಗಾಲಿ ಹಬ್ಬಿನ ಸೀಳಿನಾಗ ಚಾಣ ಇಟ್ಟು ತುಸು ಅಗಲ ಮಾಡಿ, ಆರ್ಮ್ ಕೆಳಗ ಮೀಟರಿ. ಬಿಟ್ಟ ಕೂಡ್ಲೆ ಗಾಲಿ ಹಬ್ ಹೊರಗ ಜೋಲಾಡದಂಗ ಹಗ್ಗ ಕಟ್ಟರಿ, ಇಲ್ಲಂದ್ರ ಡ್ರೈವ್ ಶಾಫ್ಟ್ ಒಳಗಿನ ಜಾಯಿಂಟಿನಿಂದ ಕಿತ್ತು ಬರಬಹುದು. ಬುಶ್ ಬೋಲ್ಟ್ ಬಿಚ್ಚೂಕಿಂತ ಮೊದಲು ಯಾವುದು ಯಾವ ಕಡೆಯಿಂದ ಹೋಗೇತಿ ಅಂತ ಫೋಟೊ ತಗೀರಿ.

ಹೊಸ ಆರ್ಮ್ ಏರಿಸಿ ಬುಶ್ ಬೋಲ್ಟ್ ಕೈಲೇ ತಿರುವಿ ಬಿಡರಿ. ಬಾಲ್ ಜಾಯಿಂಟ್ ಒಳಗ ಕೂಡಿಸಿ ಅಡ್ಡ ಬೋಲ್ಟ್ ಹಾಕರಿ. ಅದು ಸರಳ ಹೋಗಲಿಲ್ಲಂದ್ರ ಕಡ್ಡಿ ಇನ್ನೂ ಪೂರ್ತಿ ಕೂತಿಲ್ಲ, ಸುತ್ತಿಗಿ ಹೊಡೀಬ್ಯಾಡ್ರಿ.

ಇನ್ನ ಮುಂದಿಂದು ಭಾಳ ಮಂದಿ ಬಿಡೂ ಕೆಲಸ. ಬುಶ್ ಒಳಗಿನ ಕಬ್ಬಿಣದ ಕೊಳವಿ ಬೋಲ್ಟಿನ ಬಿಗೀಗೆ ಫ್ರೇಮಿಗೆ ಅಂಟಿ ನಿಲ್ಲತೈತಿ, ಹೊರಗಿನ ಬಳಿ ಆರ್ಮ್ ಜೋಡಿ ಏರಿಳೀತೈತಿ. ನಡುವಿನ ರಬ್ಬರ್ ಸುತ್ತೂದಿಲ್ಲ, ಬರೇ ತಿರುಚತೈತಿ. ಗಾಲಿ ಜೋತು ಬಿದ್ದಾಗ ಬಿಗದ್ರ, ಗಾಡಿ ನೆಲಕ್ಕಿಳಿದ ಮ್ಯಾಲ ರಬ್ಬರ್ ಹಿಂಡಿದ ಅರಬಿಯಂಗ ಹಗಲೂ ರಾತ್ರಿ ತಿರುಚಿಕೊಂಡ ಇರತೈತಿ, ಲಗೂನ ಹರೀತೈತಿ. ಅದಕ್ಕ ಸ್ಟ್ಯಾಂಡ್ ತಗೀದ, ಬಾಲ್ ಜಾಯಿಂಟ್ ಹತ್ರ ಆರ್ಮಿನ ಕೆಳಗ ಜಾಕ್ ಕೊಟ್ಟು, ಗಾಡಿ ಸ್ಟ್ಯಾಂಡಿನಿಂದ ಕೂದಲೆಳಿ ಏಳೂತನಕ ಎತ್ತರಿ. ಭಾರ ಆರ್ಮ್ ಮ್ಯಾಲ ಬಂತು. ಈಗ ಕಂಪನಿ ಹೇಳಿದ ಟಾರ್ಕಿಗೆ (ಬಿಗಿಯೂ ಅಳತಿಗೆ) ಬುಶ್ ಬೋಲ್ಟ್ ಬಿಗೀರಿ. ಟಾರ್ಕ್ ಪಾನಾ ಇಲ್ಲಂದ್ರ ಗ್ಯಾರೇಜಿನವರ ಕಡೆ ಕೇಳಿ ತರ್ರಿ, ಅಂದಾಜಿಲೆ ಬಿಗೀಬ್ಯಾಡ್ರಿ.

ಗಾಲಿ ಹಾಕಿ ಇಳಿಸಿದ ಮ್ಯಾಲ ಸಾವಕಾಶ ಓಡಿಸಿ, ಬ್ರೇಕ್ ಹಾಕಿ ನೋಡರಿ. ಸೀದಾ ಎಲೈನ್‌ಮೆಂಟ್ ಅಂಗಡಿಗೆ ಹೋಗರಿ. ಒಂದು ವಾರ ಓಡಿದ ಮ್ಯಾಲ ಎಲ್ಲಾ ಬೋಲ್ಟಿಗೆ ಮತ್ತೊಮ್ಮೆ ಪಾನಾ ಹಚ್ಚರಿ.