ಏಳು ಪೆಟ್ಟಿನ ‘ಮನಿ’ಗೆ ಮದ್ದಳೆ ಕೂಡಿಸಿದ್ದು

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆ ಡ್ರಮ್ಮರ್ ಸಿಗುವುದು ಕಷ್ಟ. ಯಕ್ಷಗಾನದ ಮದ್ದಳೆಯವರು ಬೇಕಾದಷ್ಟು ಸಿಗುತ್ತಾರೆ. ಊರಿನ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ಮನಿ’ ನುಡಿಸೋಣ ಎಂದು ಹೊರಟಾಗ ನಾನು ಸೀದಾ ಮದ್ದಳೆ ಮಾವನ ಮನೆಗೆ ಹೋದೆ. ಬೇಸ್ ಗಿಟಾರ್ ನನ್ನದು, ಗಿಟಾರ್ ಮತ್ತು ಹಾಡು ನನ್ನ ತಮ್ಮನದು.

ಹಾಡು ಗೊತ್ತಿಲ್ಲದವರಿಗೆ ಎರಡು ಮಾತು. ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ ಬಂದದ್ದು 1973ರ ಮಾರ್ಚ್‌ನಲ್ಲಿ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಆದದ್ದು. ಇಂಜಿನಿಯರ್ ಅಲನ್ ಪಾರ್ಸನ್ಸ್. ಅದರ ಎರಡನೇ ಬದಿಯ ಮೊದಲ ಹಾಡು ‘ಮನಿ’. ಅಮೆರಿಕದಲ್ಲಿ ಅದನ್ನೇ ಚಿಕ್ಕದು ಮಾಡಿ ಬಿಡಿ ಹಾಡಾಗಿ (ಸಿಂಗಲ್) ತಂದರು, ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 13ನೇ ಸ್ಥಾನಕ್ಕೆ ಹೋಯಿತು. ಆಲ್ಬಮ್ ಮಾತ್ರ ಬಿಲ್‌ಬೋರ್ಡ್ ಪಟ್ಟಿಯಿಂದ ಇಳಿಯಲೇ ಇಲ್ಲ ಅನ್ನುವ ಹಾಗೆ, 1988ರೊಳಗೆ ಒಟ್ಟು 741 ವಾರ ಅಲ್ಲೇ ಕೂತಿತ್ತು. ದುಡ್ಡಿನ ಆಸೆಯನ್ನು ಗೇಲಿ ಮಾಡಿದ ಹಾಡು ಅವರಿಗೆ ರಾಶಿ ದುಡ್ಡು ತಂದಿತು, ಅದು ಬೇರೆ ಮಾತು. ನಮ್ಮ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಶುರುವಾದದ್ದೂ ಅದೇ 1973ರ ಜುಲೈಯಲ್ಲಿ. ಇದನ್ನು ನಾನು ಪ್ರಾಕ್ಟೀಸಿಗೆ ಬಂದವರಿಗೆಲ್ಲ ಹೇಳಿದ್ದೇನೆ. ಯಾರೂ ನನ್ನಷ್ಟು ಖುಷಿ ಪಡಲಿಲ್ಲ.

ಈ ಹಾಡಿನ ಬಗ್ಗೆ ಯಾರು ಬರೆದರೂ ಮೊದಲು ಹೇಳುವುದು ಇದರ ತಾಳದ ಲೆಕ್ಕ ಏಳು ಅಂತ, ಅಂದರೆ ಸುತ್ತಿಗೆ ಏಳು ಪೆಟ್ಟು. ನಾಲ್ಕರ ಲೆಕ್ಕದ ರಾಕ್ ಕೇಳಿ ಬೆಳೆದವರಿಗೆ ಅದು ವಿಚಿತ್ರ ಇರಬಹುದು. ಮಾವನಿಗೆ ಫೋನಿನಲ್ಲಿ ಹಾಡು ಹಾಕಿ ಕೇಳಿಸಿದೆ. ತೊಡೆ ಮೇಲೆ ಬೆರಳಾಡಿಸಿದರು. “ಇದು ಏಳಕ್ಷರ ಅಲ್ವಾ ಮಾರಾಯ. ತ್ರಿವುಡೆ ತಾಳದ ಹಾಗೆ. ಇದರಲ್ಲಿ ಕಷ್ಟ ಎಂತ ಉಂಟು?” ಎಂದರು.

ಬೇಸ್‌ನ ಸಾಲನ್ನು ಸ್ವರದಲ್ಲಿ ಹೇಳಿದರೆ ಅವರ ಮಾತು ಅರ್ಥ ಆಗುತ್ತದೆ. ಶ್ರುತಿ ಹಾರ್ಮೋನಿಯಂನ ಬಿಳಿ ಏಳು, ಗಿಟಾರಿನವರ B. ಮೊದಲ ಪೆಟ್ಟಿಗೆ ಸ. ಎರಡನೇ ಪೆಟ್ಟು ಒಡೆದು ಮೇಲಿನ ಸ ಮತ್ತು ಪ. ಮೂರಕ್ಕೆ ಮತ್ತೆ ಕೆಳಗಿನ ಸ. ಆಮೇಲೆ ಮಂದ್ರದಿಂದ ಹತ್ತಿಕೊಂಡು ಪ, ನಿ, ಸ, ಗ. ಮೂರು ಒಂದು ಗುಂಪು, ನಾಲ್ಕು ಒಂದು ಗುಂಪು. ತಕಿಟ ತಕಧಿಮಿ. ಪಿಂಕ್ ಫ್ಲಾಯ್ಡ್ ತಂಡದ ಬೇಸ್ ವಾದಕ ರೋಜರ್ ವಾಟರ್ಸ್ ಯಾವ ಲೆಕ್ಕ ಹಾಕಿ ಇದನ್ನು ಕಟ್ಟಿದರೋ, ನಮ್ಮವರ ಕೈಗೆ ಅದು ಮೊದಲೇ ಬರುತ್ತದೆ.

ಕಷ್ಟ ಬಂದದ್ದು ಬೇರೆ ಕಡೆ. ಮಾವ ಪೆಟ್ಟಿಗೊಂದು ಅಕ್ಷರ ಹಾಕಿ, ನಡುವಿನ ಜಾಗವನ್ನು ಎರಡೆರಡಾಗಿ ತುಂಬಿಸಿದರು. ಲೆಕ್ಕ ಸರಿ, ಎಲ್ಲೂ ತಪ್ಪಿಲ್ಲ. ಆದರೆ ಹಾಡು ಕೋಲು ನುಂಗಿದವರ ಹಾಗೆ ಬಿಗಿಯಾಗಿ ನಡೆಯಿತು. ಯಾಕೆಂದರೆ ‘ಮನಿ’ಯ ಒಂದೊಂದು ಪೆಟ್ಟೂ ಒಳಗೆ ಮೂರಾಗಿ ಒಡೆದಿದೆ. ಅಮೆರಿಕದ ಬ್ಲೂಸ್ ಸಂಗೀತದವರ ನಡೆ ಅದು, ಶಫಲ್ ಎನ್ನುತ್ತಾರೆ. ಏಳು ಪೆಟ್ಟು ಅಂದರೆ ಒಳಗೆ ಇಪ್ಪತ್ತೊಂದು ಮಾತ್ರೆ. ಕೊನೆಗೆ ದಾರಿ ಸಿಕ್ಕಿದ್ದು ಹೀಗೆ: ಪ್ರತಿ ಪೆಟ್ಟಿಗೂ ಮನಸ್ಸಿನಲ್ಲಿ ಪೂರ್ತಿ ‘ತಕಿಟ’ ಹೇಳಬೇಕು, ಕೈಯಲ್ಲಿ ‘ತ’ ಮತ್ತು ‘ಟ’ ಮಾತ್ರ ಬರಬೇಕು. ನಡುವಿನ ‘ಕಿ’ ನುಂಗಬೇಕು. ಮಾವ ಬಾಯಲ್ಲಿ ಹೇಳುತ್ತಾ ಹೇಳುತ್ತಾ ‘ಕಿ’ಯನ್ನು ಪಿಸುಮಾತು ಮಾಡಿದರು, ಆಮೇಲೆ ತುಟಿ ಮಾತ್ರ ಆಡಿತು. ಅಷ್ಟಕ್ಕೆ ಸೊಂಟ ಅಲ್ಲಾಡಿಸುವ ಹಾಡಾಯಿತು. ಏಳರ ಹಾಡು ಹಿಡಿಯುವ ಯಾರಿಗಾದರೂ ನಾನು ಹೇಳುವುದು ಇದನ್ನೇ. ಏಳು ಎಣಿಸುವುದನ್ನು ಬಿಟ್ಟು ಮೊದಲು ಒಂದು ಪೆಟ್ಟಿನ ಒಳಗೆ ಏನಿದೆ ನೋಡಿ.

ಇನ್ನು ಹಾಡಿನ ಶುರುವಿನಲ್ಲಿರುವ ಆ ದುಡ್ಡಿನ ಸದ್ದು. ಅದಕ್ಕೆ ಅವರು ಪಟ್ಟ ಪಾಡು ಓದಿದರೆ ನಗು ಬರುತ್ತದೆ. ಡ್ರಮ್ಮರ್ ನಿಕ್ ಮೇಸನ್ ಹಳೆ ಪೆನ್ನಿಗಳಿಗೆ ತೂತು ಕೊರೆದು ದಾರದಲ್ಲಿ ಪೋಣಿಸಿದ್ದರು. ವಾಟರ್ಸ್ ತನ್ನ ಹೆಂಡತಿ ಮಡಕೆ ಮಾಡಲು ಮಣ್ಣು ಕಲಸುತ್ತಿದ್ದ ಪಾತ್ರೆಯಲ್ಲಿ ಚಿಲ್ಲರೆ ತಿರುಗಿಸಿ ರೆಕಾರ್ಡ್ ಮಾಡಿದರು. ಮೈಕಿನ ಮುಂದೆ ಕಾಗದ ಹರಿದರು. ಎಲ್ಲ ಸದ್ದುಗಳ ಟೇಪನ್ನೂ ಅಡಿಪಟ್ಟಿ ಇಟ್ಟು ಒಂದೇ ಉದ್ದಕ್ಕೆ ಕತ್ತರಿಸಿ ಅಂಟಿಸಿದರು. ಏಳು ತುಂಡಿನ ಒಂದು ಉಂಗುರ. ಟೇಪ್ ಸೆಕೆಂಡಿಗೆ 15 ಇಂಚು ಓಡುತ್ತದೆ ಎಂದಿಟ್ಟುಕೊಂಡರೆ, ಅರ್ಧ ಸೆಕೆಂಡಿನ ಪೆಟ್ಟಿಗೆ ಏಳೂವರೆ ಇಂಚಿನ ತುಂಡು ಬೇಕು.

ಅವರ ಸದ್ದನ್ನೇ ಎತ್ತಿ ಹಾಕುವುದರಲ್ಲಿ ಏನು ಮಜಾ? ನಮ್ಮ ಊರಿನ ದುಡ್ಡಿನ ಸದ್ದು ಬೇರೆ ಇದೆ. ಕಂಡಕ್ಟರ್ ಚೀಲದ ಚಿಲ್ಲರೆ. ಟಿಕೆಟ್ ಮೆಷಿನ್ ಕಾಗದ ಕಕ್ಕುವ ಕಿರಕಿರ. ಅಂಗಡಿಯ ಮರದ ಗಲ್ಲಾಪೆಟ್ಟಿಗೆ ಎಳೆದದ್ದು. ತಕ್ಕಡಿಗೆ ಬಟ್ಟು ಇಟ್ಟದ್ದು. ಗೋಣಿಗೆ ಅಡಿಕೆ ಸುರಿದದ್ದು. ಚೀಟಿ ಹರಿದದ್ದು. ಕೊನೆಗೆ ಕಬ್ಬಿಣದ ಪೆಟ್ಟಿಗೆಯ ಬೀಗ ಬಿದ್ದದ್ದು. ಎಲ್ಲವನ್ನೂ ಫೋನಿನಲ್ಲೇ ಹಿಡಿದೆ. ಅಡಿಕೆ ಸುರಿಯುವುದನ್ನು ಮಾತ್ರ ಮತ್ತೆ ಮತ್ತೆ ಮಾಡಿಸಬೇಕಾಯಿತು, ಪ್ರತಿ ಸಲವೂ ಹಿಂದಿನಿಂದ ಯಾರಾದರೂ ಮಾತಾಡುತ್ತಿದ್ದರು. ಗೋಣಿ ಹಿಡಿದ ಚಿಕ್ಕಪ್ಪ “ನಿಂಗೆ ಬೇರೆ ಕೆಲಸ ಇಲ್ವಾ?” ಎಂದದ್ದು ಈಗಲೂ ಫೈಲಿನಲ್ಲಿದೆ.

ಜೋಡಿಸಿದ್ದು ಆಡಾಸಿಟಿ ಎಂಬ ಕಂಪ್ಯೂಟರ್ ಸಾಫ್ಟ್‌ವೇರಿನಲ್ಲಿ. ನಿಮಿಷಕ್ಕೆ 120 ಪೆಟ್ಟು ಇಟ್ಟುಕೊಂಡೆ, ಒಂದೊಂದು ತುಂಡೂ ಸರೀ ಅರ್ಧ ಸೆಕೆಂಡ್. ಇಲ್ಲಿ ಒಂದು ಸೂಕ್ಷ್ಮ ಇದೆ. ಬೀಗದ ಸದ್ದು ಬಿದ್ದ ಕ್ಷಣವೇ ಕೇಳುತ್ತದೆ. ಕಾಗದ ಹರಿಯುವ ಸದ್ದು ಮೆಲ್ಲಗೆ ಏರಿ ಆಮೇಲೆ ಜೋರಾಗುತ್ತದೆ. ಎರಡನ್ನೂ ಪೆಟ್ಟು ತೋರಿಸುವ ಗೆರೆಗೆ ಸರಿಯಾಗಿ ಇಟ್ಟರೆ ಕಾಗದ ತಡವಾಗಿ ಬಂದ ಹಾಗೆ ಕೇಳುತ್ತದೆ. ಅದನ್ನು ಗೆರೆಗಿಂತ ಸ್ವಲ್ಪ ಮೊದಲೇ ಶುರುವಾಗುವ ಹಾಗೆ ಎಳೆಯಬೇಕು, ಕಿವಿ ಒಪ್ಪುವಷ್ಟು. ಅಡಿಕೆಯೂ ಹಾಗೆಯೇ. ಅಲೆಯ ಚಿತ್ರ ನೋಡಿ ಕೂರಿಸಬೇಡಿ, ಕಣ್ಣು ಮುಚ್ಚಿ ಕೇಳಿ ಕೂರಿಸಿ.

ವೇದಿಕೆಯಲ್ಲಿ ಮೆಷಿನ್ನನ್ನು ನಂಬಬಾರದು ಎಂಬುದಕ್ಕೆ ಪಿಂಕ್ ಫ್ಲಾಯ್ಡ್ ಕಥೆಯೇ ಸಾಕ್ಷಿ. 1972ರ ಜನವರಿಯಲ್ಲಿ ಬ್ರೈಟನ್‌ನಲ್ಲಿ ಆಲ್ಬಮ್ ಬರುವ ಮೊದಲೇ ಈ ಹಾಡುಗಳನ್ನು ನುಡಿಸಲು ಹೋಗಿ, ಸರಿಯಾಗಿ ‘ಮನಿ’ಗೆ ಬಂದಾಗ ಟೇಪ್ ಕೈಕೊಟ್ಟು ಅಲ್ಲಿಗೇ ನಿಲ್ಲಿಸಬೇಕಾಯಿತು. ಹಾಗಾಗಿ ನಮ್ಮ ಸದ್ದು ಎರಡು ಸುತ್ತು ಒಂಟಿಯಾಗಿ, ಎರಡು ಸುತ್ತು ಬೇಸ್ ಜತೆ, ಮದ್ದಳೆ ಬಂದ ಕೂಡಲೇ ಮೆಲ್ಲಗೆ ಮಾಯ. ಆಮೇಲೆ ಯಾರೂ ಫೋನಿನ ಹಿಂದೆ ಓಡುವ ಅಗತ್ಯ ಇಲ್ಲ, ಮಾವನ ಕೈಯೇ ಗಡಿಯಾರ.

ಸ್ಯಾಕ್ಸೋಫೋನ್ ಬೇಕಿತ್ತು. ಲಂಡನ್ನಿನಲ್ಲಿ ಅವರಿಗೆ ಡಿಕ್ ಪ್ಯಾರಿ ಇದ್ದರು. ನಮಗೆ ಮದುವೆ ಮನೆಯ ಸ್ಯಾಕ್ಸೋಫೋನ್ ಇದೆ. ಕದ್ರಿ ಗೋಪಾಲನಾಥರ ದಯೆ, ಈ ಕರಾವಳಿಯಲ್ಲಿ ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಅದು ನಾಗಸ್ವರದಷ್ಟೇ ಸಹಜ. ನಮ್ಮ ಸ್ಯಾಕ್ಸೋಫೋನ್ ಅಣ್ಣನಿಗೆ ಸ ಗ ಮ ಪ ನಿ ಅಂದದ್ದೇ “ಓ, ಶುದ್ಧ ಧನ್ಯಾಸಿ ರಾಗ” ಎಂದು ಹೊರಟೇ ಬಿಟ್ಟರು. ಸ್ವರ ಎಲ್ಲ ಸರಿ. ಬ್ಲೂಸ್‌ಗೆ ಮ ಮತ್ತು ಪ ನಡುವಿನ ಆ ಒಂದು ಕಳ್ಳ ಸ್ವರ ಮಾತ್ರ ಬೇಕು, ಅದನ್ನೂ ಜಾರಿಸಿ ಬಿಡಬೇಕು. ಗಮಕ ಪಳಗಿದ ಕೈಗೆ ಅದನ್ನು ಹೇಳಿಕೊಡುವುದೇನಿದೆ! ಪ್ಯಾರಿಯದು ಟೆನರ್, ಇವರದು ಆಲ್ಟೊ. ಸದ್ದು ಸ್ವಲ್ಪ ತೆಳು. ಇರಲಿ. ಶ್ರುತಿ ಪೆಟ್ಟಿಗೆ ಮಾತ್ರ ಬೇಡ ಎಂದೆ, ಸಾಲಿನ ಕೊನೆಗೆ ಗಿಟಾರಿನ ಸ್ವರಗುಚ್ಛ ಬದಲಾಗುವಾಗ ಅದು ಅಡ್ಡ ಬರುತ್ತದೆ.

ಗಿಟಾರ್ ಸೋಲೋ (ಒಂಟಿ ವಾದನ) ಬಂದಾಗ ಹಾಡು ನಾಲ್ಕಕ್ಕೆ ತಿರುಗುತ್ತದೆ. ಅವರ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ನುಡಿಸಿದ್ದು ಮೂರು ಸುತ್ತು. ನಡುವಿನ ಸುತ್ತಿನಲ್ಲಿ ಪ್ರತಿಧ್ವನಿ ಪೂರ್ತಿ ತೆಗೆದು ಒಣ ಸದ್ದು ಬಿಟ್ಟಿದ್ದಾರೆ. ತಮ್ಮ ಪೆಡಲ್ ತುಳಿದು ಅದನ್ನು ಚೆನ್ನಾಗಿಯೇ ಮಾಡಿದ. ನಾನು ಹೇಳಬೇಕಾದದ್ದು ಚೆಂಡೆಯ ಬಗ್ಗೆ. ಏಳರಲ್ಲಿ ಚೆಂಡೆ ಬೇಡವೇ ಬೇಡ, ಹಾಡಿನ ಮಾತೇ ಕೇಳುವುದಿಲ್ಲ. ನಾಲ್ಕಕ್ಕೆ ತಿರುಗುವ ಆ ಜಾಗದಲ್ಲಿ ಚೆಂಡೆ ಎದ್ದರೆ ಮಾತ್ರ ಸಭೆ ಎದ್ದು ಕೂರುತ್ತದೆ. ಮರಳಿ ಏಳಕ್ಕೆ ಬರುವಾಗ ಎಲ್ಲರೂ ಒಟ್ಟಿಗೆ ಇಳಿಯಬೇಕು. ಅದಕ್ಕೆ ಚೆಂಡೆಯವರು ಒಂದು ಚಿಕ್ಕ ಮುಕ್ತಾಯವನ್ನು ಮೂರು ಸಲ ಹಾಕಿದರು. ಮೂರನೆಯದರ ಕೊನೆಯ ಪೆಟ್ಟೇ ನನ್ನ ಸ. ಮೂಲ ಹಾಡಿನಲ್ಲಿ ಇದು ಇಲ್ಲ. ನನಗೆ ನಮ್ಮದೇ ಹಿಡಿಸುತ್ತದೆ.

ಎಷ್ಟು ಉದ್ದ ನುಡಿಸುವುದು ಎಂಬ ಚರ್ಚೆ ಆಯಿತು. ಕ್ಲಬ್ಬಿನವರು ಸಿಂಗಲ್‌ನ ಹಾಗೆ ಬೇಗ ಮುಗಿಸಿ ಎಂದರು. ಆಲ್ಬಮ್‌ನಲ್ಲಿ ಇದು ಆರು ನಿಮಿಷಕ್ಕೂ ಜಾಸ್ತಿ. ಸೋಲೋ ಕತ್ತರಿಸಿದರೆ ಏಳು ನಾಲ್ಕಾಗಿ ಮತ್ತೆ ಏಳಾಗುವ ಮಜವೇ ಹೋಗುತ್ತದೆ, ಹಾಗಾಗಿ ನಾನು ಒಪ್ಪಲಿಲ್ಲ. ಅದೂ ಅಲ್ಲದೆ ಆಲ್ಬಮ್‌ನಲ್ಲಿ ಇದರ ಬಾಲ ಮುಂದಿನ ‘ಅಸ್ ಆ್ಯಂಡ್ ದೆಮ್’ಗೆ ಅಂಟಿಕೊಂಡಿದೆ. ಆ ಸಂದಿಯಲ್ಲಿ ಜನರ ಮಾತು ಕೇಳುತ್ತದೆ. ವಾಟರ್ಸ್ ಕಾರ್ಡುಗಳಲ್ಲಿ ಪ್ರಶ್ನೆ ಬರೆದಿಟ್ಟು, ಸ್ಟುಡಿಯೋದಲ್ಲಿ ಸಿಕ್ಕಿದವರಿಗೆಲ್ಲ ಕೇಳಿ ಉತ್ತರ ರೆಕಾರ್ಡ್ ಮಾಡಿದ್ದರು.

ನಾವೂ ಅದನ್ನೇ ಮಾಡಿದೆವು. ದುಡ್ಡಿನ ವಿಷಯಕ್ಕೆ ನೀವು ಕೊನೆಯದಾಗಿ ಜಗಳ ಮಾಡಿದ್ದು ಯಾರ ಹತ್ತಿರ ಅಂತ ಸಿಕ್ಕಿದವರನ್ನು ಕೇಳಿದೆ. ಕನ್ನಡ, ತುಳು, ಮಲಯಾಳ ಮೂರರಲ್ಲೂ ಉತ್ತರ ಬಂತು. ಅಡಿಕೆ ಸುಲಿಯಲು ಬರುವ ಅಕ್ಕ ಹೇಳಿದ್ದು: “ಜಗಳ ಯಾಕೆ? ಕೊಡುವುದಿಲ್ಲ ಅಂದರು, ನಾನು ಹೋಗುವುದು ಬಿಟ್ಟೆ.” ಅದನ್ನೇ ಕೊನೆಗೆ ಇಟ್ಟೆ. ಬೇಸ್ ಇಳಿಯುತ್ತಾ ಹೋದ ಹಾಗೆ ಆ ಮಾತು ಕೇಳಿಸಿತು. ಹಿಂದಿನ ಸಾಲಿನ ಹೆಂಗಸರು ನಕ್ಕರು.

ಮುಂದಿನ ಹಾಡು ನಮ್ಮ ಹತ್ತಿರ ಇರಲಿಲ್ಲ. ನಿರೂಪಕರು ಮೈಕ್ ಹಿಡಿದು ಬಹುಮಾನ ವಿತರಣೆಗೆ ಹೆಸರು ಕರೆದರು. ಸ್ಯಾಕ್ಸೋಫೋನ್ ಅಣ್ಣ ಈಗ ‘ಅಸ್ ಆ್ಯಂಡ್ ದೆಮ್’ ಕೇಳುತ್ತಿದ್ದಾರೆ. ಅದರಲ್ಲೂ ಡಿಕ್ ಪ್ಯಾರಿ ಇದ್ದಾರೆ, ಮತ್ತೆ ಅದು ನಿಧಾನದ ಹಾಡು. ಅದಕ್ಕೆ ಮದ್ದಳೆ ಬೇಕಾ ಬೇಡವಾ ಎಂದು ಮಾವ ಇನ್ನೂ ಹೇಳಿಲ್ಲ.