ಗಂಜಿನ ವ್ಯಾಪಾರಿಗಳು ನಮ್ಮನ್ನು ನಂಬತೊಡಗಿದ್ದು ಹೇಗೆ

ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಹಾಗಿದೆ. ಹಾಗಾಗಿ ಬರೀ ವ್ಯಾಪಾರದ ವ್ಯಾಜ್ಯಗಳಿಗೆಂದೇ ನಾವು ಮೂವರು ಸೇರಿ ಕಲಬುರಗಿಯಲ್ಲಿ ಆಫೀಸು ತೆರೆದಾಗ, ಬಾಗಿಲ ಮೇಲಿನ ಬೋರ್ಡು ಬಿಟ್ಟರೆ ನಮ್ಮ ಬಗ್ಗೆ ಹೇಳಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಇಲ್ಲಿ ಹೆಸರು ಬರಬೇಕಾದರೆ ನೆಹರೂ ಗಂಜಿನಲ್ಲಿ, ಅಂದರೆ ಇಲ್ಲಿನ ಸಗಟು ಮಾರುಕಟ್ಟೆಯಲ್ಲಿ, ಒಬ್ಬ ಅಡತಿ (ಕಮಿಷನ್ ವ್ಯಾಪಾರಿ) ಇನ್ನೊಬ್ಬ ಅಡತಿಗೆ ಹೇಳಬೇಕು. ಜಮೀನು, ಕ್ರಿಮಿನಲ್ ಕೇಸು ಬಿಟ್ಟು ಹೊಟ್ಟೆ ತುಂಬುತ್ತಾ ಅಂತ ಸೀನಿಯರ್‌ಗಳು ಕೇಳಿದ್ದರು.

ನನಗೆ ನಂಬಿಕೆ ಇತ್ತು. ತೊಗರಿ, ದಾಲ್ ಮಿಲ್‌ಗಳು, ಶಹಾಬಾದ್ ಕಲ್ಲು, ವಾಡಿ-ಸೇಡಂ ಕಡೆಯ ಸಿಮೆಂಟು, ಅದನ್ನೆಲ್ಲ ಸಾಗಿಸುವ ಲಾರಿಗಳು. ಇಷ್ಟು ವ್ಯಾಪಾರ ಇರುವ ಕಡೆ ಬಾಕಿ ಇಲ್ಲದೆ ಇರುತ್ತಾ? 2013ರಲ್ಲಿ ಹೈಕೋರ್ಟಿನ ಪೀಠ ಇಲ್ಲಿ ಕಾಯಂ ಆಗಿದೆ. ಮೇಲ್ಮನವಿಗೆಂದು ಬೆಂಗಳೂರಿಗೆ ಓಡುವ ಕಾಲ ಹೋಯಿತು. 2018ರ ತಿದ್ದುಪಡಿಯಲ್ಲಿ ವಾಣಿಜ್ಯ ನ್ಯಾಯಾಲಯ ಕಾಯ್ದೆಯಡಿ ದಾವೆ ಹಾಕಲು ಇರಬೇಕಾದ ಕನಿಷ್ಠ ಮೊತ್ತ 1 ಕೋಟಿಯಿಂದ 3 ಲಕ್ಷ ರೂಪಾಯಿಗೆ ಇಳಿಯಿತು. ಒಂದು ಲಾರಿ ತೊಗರಿ ಬೇಳೆಯ ಬೆಲೆಯೇ ಅದಕ್ಕಿಂತ ಜಾಸ್ತಿ.

ನಮಗೆ ಹೆಸರು ತಂದದ್ದು ಒಬ್ಬ ದಾಲ್ ಮಿಲ್ ಮಾಲೀಕರ ಬಾಕಿ. ಹೊರರಾಜ್ಯದ ಖರೀದಿದಾರ ಬೇಳೆ ಇಳಿಸಿಕೊಂಡು, ತಿಂಗಳುಗಟ್ಟಲೆ ಸುಮ್ಮನಿದ್ದು, ಆಮೇಲೆ ಮಾಲು ಸರಿ ಇರಲಿಲ್ಲ ಅಂತ ತಕರಾರು ತೆಗೆದಿದ್ದ. ಕರಾರುಪತ್ರ ಇಲ್ಲ. ಆರ್ಡರ್ ಬಂದದ್ದು ಫೋನಿನಲ್ಲಿ. ಮಾಲೀಕರು ಒಂದು ಕ್ಯಾರಿಬ್ಯಾಗಿನಲ್ಲಿ ಚೀಟಿಗಳನ್ನೆಲ್ಲ ತುಂಬಿ ತಂದರು. ಟೇಬಲ್ ಮೇಲೆ ಸುರಿದು, ಒಂದೊಂದು ಲೋಡಿಗೂ ಬೇರೆ ಬೇರೆ ಗುಂಪು ಮಾಡಿದೆವು. ಜಿಎಸ್‌ಟಿ ಬಿಲ್ಲು, ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲು, ಲಾರಿಯವರು ಕೊಡುವ ಬಿಲ್ಟಿ (ಸಾಗಣೆ ರಸೀದಿ), ತೂಕದ ವೇಬ್ರಿಡ್ಜ್ ಚೀಟಿ. ವೇಬ್ರಿಡ್ಜ್ ಚೀಟಿಗಳು ಥರ್ಮಲ್ ಕಾಗದದವು, ಕೆಲವು ಆಗಲೇ ಮಾಸಿದ್ದವು. ಅಂಥ ಚೀಟಿ ಕೈಗೆ ಬಂದ ದಿನವೇ ಜೆರಾಕ್ಸ್ ತೆಗೆದಿಡಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ. ಬಿಲ್ಟಿಗಳ ಹಿಂದೆ ಖರೀದಿದಾರನ ಗೋದಾಮಿನ ಸೀಲು ಇತ್ತು, ಮಾಲು ಮುಟ್ಟಿದ್ದಕ್ಕೆ ಸಹಿಯೂ ಇತ್ತು. ವಾಟ್ಸಾಪ್‌ನಲ್ಲಿ ಅವನೇ "ಮಾಲು ಚೆನ್ನಾಗಿದೆ, ಮುಂದಿನ ವಾರ ಹಣ" ಅಂತ ಹಾಕಿದ್ದ.

ಆ ಮೆಸೇಜು ಇದ್ದರಷ್ಟೇ ಸಾಲದು. ಅದು ಸಾಕ್ಷಿಯಾಗಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಒಂದು ಭಾಗಕ್ಕೆ ನಮ್ಮ ಪಾರ್ಟಿ, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು, ಹ್ಯಾಶ್ ಮೌಲ್ಯವನ್ನೂ (ಫೈಲು ಬದಲಾಗಿಲ್ಲ ಅಂತ ತೋರಿಸುವ ಗುರುತು) ಬರೆಯಬೇಕು. ವಾಣಿಜ್ಯ ದಾವೆಯಲ್ಲಿ ಕಾಗದಗಳನ್ನೆಲ್ಲ ದಾವೆಯ ಜೊತೆಗೇ ಹಾಕಬೇಕು, ಆಮೇಲೆ ತರುತ್ತೇನೆ ಅಂದರೆ ನಡೆಯುವುದಿಲ್ಲ. ಎದುರಿನವರಿಗೂ ಬಿಗಿ ಇದೆ. ಸಮನ್ಸ್ ಮುಟ್ಟಿ 120 ದಿನ ದಾಟಿದರೆ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ವಾಯಿದೆ ಮೇಲೆ ವಾಯಿದೆ ಕೇಳಿ ರೂಢಿಯಾದವರಿಗೆ ಇದು ದೊಡ್ಡ ಪೆಟ್ಟು.

ತುರ್ತು ಆದೇಶ ಬೇಕಿಲ್ಲದ ವಾಣಿಜ್ಯ ದಾವೆಯಾದರೆ ದಾವೆ ಹಾಕುವ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಕಡ್ಡಾಯ ಅಂತ ಹೇಳಿತು. ಬಹಳ ಜನ ಇದನ್ನು ಬರೀ ಶಾಸ್ತ್ರಕ್ಕೆ ಮುಗಿಸುತ್ತಾರೆ. ನಾವು ಪೂರ್ತಿ ಫೈಲು ಕಟ್ಟಿಕೊಂಡೇ ಹೋದೆವು. ಸೀಲು, ಮೆಸೇಜು, ತೂಕ ಎಲ್ಲ ಎದುರಿಗಿಟ್ಟ ಮೇಲೆ ಮಾಲು ಕೆಟ್ಟಿತ್ತು ಅನ್ನುವ ಮಾತು ನಿಲ್ಲಲಿಲ್ಲ. ಅಸಲು ಪೂರ್ತಿ ಕೊಡುವುದು, ಬಡ್ಡಿಯಲ್ಲಿ ಸ್ವಲ್ಪ ಬಿಡುವುದು, ಕಂತಿನಲ್ಲಿ ತೀರಿಸುವುದು ಅಂತ ಒಪ್ಪಂದವಾಯಿತು. ಈ ಒಪ್ಪಂದಕ್ಕೆ ಆರ್ಬಿಟ್ರೇಷನ್ (ಪಂಚಾಟ) ತೀರ್ಪಿನಷ್ಟೇ ಬಲ ಇದೆ, ತಪ್ಪಿದರೆ ನೇರ ಜಾರಿಗೆ ಹೋಗಬಹುದು. ಕೋರ್ಟು ಮೆಟ್ಟಿಲು ಹತ್ತದೆ ದುಡ್ಡು ಬಂತು ಅನ್ನುವ ಸುದ್ದಿ ಗಂಜಿನಲ್ಲಿ ಹರಡಲು ಜಾಸ್ತಿ ದಿನ ಹಿಡಿಯಲಿಲ್ಲ.

ಹೆಸರು ಉಳಿದದ್ದು ಮಾತ್ರ ನಾವು ಬೇಡ ಅಂದ ಕೇಸುಗಳಿಂದ ಅಂತ ನನ್ನ ಅಭಿಪ್ರಾಯ. ಮೂರು ವರ್ಷ ದಾಟಿದ ಉದ್ರಿ ತಂದರೆ ಮೊದಲು ಕೇಳುವುದು ಒಂದೇ: ಅವಧಿ ಮುಗಿಯುವ ಮುಂಚೆ ಅವರು ಬಾಕಿ ಒಪ್ಪಿ ಬರೆದುಕೊಟ್ಟ ಸಹಿ ಏನಾದರೂ ಇದೆಯಾ, ಇಲ್ಲವೇ ಒಂದಿಷ್ಟು ಹಣ ಕಟ್ಟಿದ್ದಾರಾ? ಎರಡೂ ಇಲ್ಲದಿದ್ದರೆ ಫೀಸು ಮುಟ್ಟುವುದಿಲ್ಲ, ಸುಮ್ನೆ ಖರ್ಚು ಮಾಡಬೇಡಿ ಅಂತ ಕಳಿಸುತ್ತೇವೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ಸಣ್ಣ ಮಿಲ್ಲಿನವರಿಗೆ ಎಂಎಸ್‌ಎಂಇ, ಅಂದರೆ ಸಣ್ಣ-ಮಧ್ಯಮ ಉದ್ಯಮಗಳ ಕಾಯ್ದೆಯ ದಾರಿ ತೋರಿಸುತ್ತೇವೆ. ಅಲ್ಲಿ 45 ದಿನದ ಮೇಲೆ ಹಣ ಉಳಿಸಿಕೊಂಡರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ.

ಈಗ ಬೀದರ್, ಯಾದಗಿರಿ ಕಡೆಯವರೂ ಸಹಿ ಹಾಕುವ ಮೊದಲೇ ಕರಡು ಕಳಿಸುತ್ತಾರೆ. ವ್ಯಾಜ್ಯ ಬಂದರೆ ಯಾವ ಊರಿನ ಕೋರ್ಟು ಅನ್ನುವ ಸಾಲನ್ನು ನಾನು ಮೊದಲು ಹುಡುಕುತ್ತೇನೆ. ಮಾಲು ಕಳಿಸುವವರು ನಮ್ಮವರಾದರೆ ಅಲ್ಲಿ ನಮ್ಮ ಊರಿನ ಹೆಸರು ಇರಬೇಕು, ಅಲ್ವಾ? ಬಿಲ್ಲಿನ ಕೆಳಗೂ ಅದನ್ನೇ ಅಚ್ಚು ಹಾಕಿಸಿ ಅಂತ ಹೇಳುತ್ತೇನೆ.