ಎರಡು ನಿಮಿಷಕ್ಕೊಂದು ಚಮಚ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ನಾನು ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಡಾಕ್ಟರಾಗಿ ಮಕ್ಕಳನ್ನು ನೋಡುತ್ತಿದ್ದೆ. ಲಾರಿಯಲ್ಲಿ ಬಂದ ಸಾಮಾನಿನಲ್ಲಿ ಹಾಲಿನ ಪುಡಿ ಡಬ್ಬಿ, ಹಾಲುಣಿಸುವ ಬಾಟಲಿ ರಾಶಿ ಇತ್ತು. ಅಷ್ಟು ದೂರದಿಂದ ತಂದವರಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಹಂಚಿಬಿಡಿ ಅಂದೆ. ಬಾಟಲಿ ಕುದಿಸಲು ಒಲೆ ಎಲ್ಲಿತ್ತು? ನಾಲ್ಕೈದು ದಿನದಲ್ಲಿ, ಎದೆಹಾಲು ಕುಡಿದು ಚೆನ್ನಾಗಿದ್ದ ಕೂಸುಗಳಿಗೂ ಭೇದಿ ಶುರುವಾಯಿತು. ತಪ್ಪು ನನ್ನದೇ.

ಈಗ ಹೌಸ್ ಸರ್ಜನ್‌ಗಳಿಗೆ, ಅಂದರೆ ಓದು ಮುಗಿಸಿ ಕೆಲಸ ಕಲಿಯುತ್ತಿರುವ ಹೊಸ ಡಾಕ್ಟರುಗಳಿಗೆ, ಇಂಥ ಕಡೆ ಮಕ್ಕಳನ್ನು ನೋಡುವ ತರಬೇತಿ ಕೊಡುವಾಗ ಈ ಕತೆಯನ್ನೇ ಮೊದಲು ಹೇಳುತ್ತೇನೆ. ತರಬೇತಿ ಜುಲೈನಲ್ಲಿ, ಬೇಕಂತಲೇ ಜೋರು ಮಳೆಯಲ್ಲಿ, ಒಂದು ಕಾಫಿ ತೋಟದ ಗೋಡೌನಿನಲ್ಲಿ. ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಸ್ಟೆತಸ್ಕೋಪ್ ಬರೀ ಕೊರಳ ಹಾರ. ಕರೆಂಟಂತೂ ಇರುವುದಿಲ್ಲ. ಅಂಗಿ ಎತ್ತಿ, ಟಾರ್ಚ್ ಹಾಕಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದವರಿಗೆ 40. ಅಷ್ಟು ಮುಟ್ಟಿದರೆ ನ್ಯುಮೋನಿಯಾ ಇರಬಹುದು ಅಂತ ಎಚ್ಚರವಾಗಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವವರನ್ನು ಮತ್ತೆ ಎಣಿಸಲು ಕೂರಿಸುತ್ತೇನೆ.

ತೂಕದ ಯಂತ್ರವೂ ಇರುವುದಿಲ್ಲ. ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸುವ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಸೊರಗಿದ ಮಗುವಿಗೆ ಆ ಲೆಕ್ಕ ತೂಕ ಜಾಸ್ತಿ ತೋರಿಸುತ್ತದೆ, ಔಷಧಿಯೂ ಜಾಸ್ತಿಯಾಗುತ್ತದೆ. ಗೋಡೌನಿನಲ್ಲಿ ಕಾಫಿ ಹಣ್ಣಿನ ಚೀಲ ತೂಗುವ ಕೊಕ್ಕೆ ತಕ್ಕಡಿ ಇದೆಯಲ್ವಾ? ಸೀರೆಯ ಜೋಲಿ ಕಟ್ಟಿ ಅದಕ್ಕೇ ನೇತುಹಾಕಿ, ಆಮೇಲೆ ಸೀರೆಯ ತೂಕ ಕಳೆಯಿರಿ ಅನ್ನುತ್ತೇನೆ.

ಒಂದು ವರ್ಷ ತರಬೇತಿಯ ದಿನವೇ ತೋಟದ ಕೂಲಿಯವರ ಲೈನ್‌ಮನೆಯ ತಾಯಿಯೊಬ್ಬಳು ಭೇದಿಯಾದ ಕೂಸನ್ನು ಎತ್ತಿಕೊಂಡು ಬಂದಳು. ಕಣ್ಣು ಗುಳಿಬಿದ್ದಿತ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತಿತ್ತು. ಆದರೆ ಎಚ್ಚರ ಇತ್ತು, ಬಾಯಾರಿ ಚಮಚಕ್ಕೆ ಬಾಯಿ ಹಾಕುತ್ತಿತ್ತು. ತಕ್ಕಡಿಯಲ್ಲಿ ಎಂಟು ಕಿಲೋ.

"ಮೇಡಂ, ಡ್ರಿಪ್ ಹಾಕ್ಬಿಡೋಣ್ವಾ?" ಅಂದ ಒಬ್ಬ ಹುಡುಗ.

ಬೇಡ ಅಂದೆ. ಕುಡಿಯುವ ಮಗುವಿಗೆ ಓಆರ್‌ಎಸ್ ಸಾಕು. ಕಿಲೋಗೆ 75 ಮಿಲಿಲೀಟರಿನಂತೆ ನಾಲ್ಕು ಗಂಟೆಯಲ್ಲಿ 600. ಐದು ಮಿಲಿಲೀಟರಿನ ಚಮಚದಲ್ಲಿ 120 ಸಲ, ಎರಡು ನಿಮಿಷಕ್ಕೊಂದು. ಆ ತಾಯಿ ರಾತ್ರಿಯೆಲ್ಲ ನಿದ್ದೆಗೆಟ್ಟವಳು. "ಅವಳು ಮಲಗಲಿ, ನೀನೇ ಕುಡಿಸು" ಅಂದೆ. ಅವನ ಮುಖ ಸಪ್ಪಗಾಯಿತು.

ಹತ್ತನೇ ಚಮಚಕ್ಕೆ ಕೂಸು ವಾಂತಿ ಮಾಡಿತು. ಹುಡುಗ ನನ್ನ ಮುಖ ನೋಡಿದ. ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡು, ಇನ್ನೂ ನಿಧಾನಕ್ಕೆ ಅಂದೆ. ನಡುವೆ ತಾಯಿ ಎದ್ದು ಎರಡು ಸಲ ಹಾಲೂಡಿಸಿದಳು. ಅದನ್ನು ನಿಲ್ಲಿಸಬಾರದು. ಉಳಿದವರು ಊಟ ಮುಗಿಸಿ ಬಂದರು. ಇವನು ತಗಡಿನ ಗೋಡೆಗೆ ಒರಗಿ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಟು ಹಾಕಿಕೊಂಡು ಲೆಕ್ಕ ಇಡುತ್ತಿದ್ದ.

ಮೂರೂವರೆ ಹೊತ್ತಿಗೆ ಜೋರಾಗಿ ಕೂಗಿದ. ಏನಾಯಿತೋ ಅಂತ ಓಡಿಹೋದೆ.

"ಮೇಡಂ, ಉಚ್ಚೆ ಹೊಯ್ತು!"

ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಕೂಸು ಅವನ ಕೈಯಲ್ಲಿದ್ದ ಚಮಚ ಕಿತ್ತುಕೊಳ್ಳಲು ನೋಡುತ್ತಿತ್ತು.